ಬ್ರೇಕು ಯಾವ ಕಾಲಿಗೆ

ನನ್ನ ಸೋದರಮಾವನಿಗೆ ಮರೆವಿನ ಕಾಯಿಲೆ ಇಲ್ಲ. ಇದೆ ಎಂದು ಅವರನ್ನೂ ಮನೆಮಂದಿಯನ್ನೂ ನಂಬಿಸಿದವಳು ನಾನು — ಒಂದೇ ಒಂದು ಸುಳ್ಳಿನಿಂದ. ಹೇಗೆ ಸುತ್ತಿ ಬಳಸಿ ಹೇಳಿದರೂ ಇದು ಚಿಕ್ಕದಾಗುವುದಿಲ್ಲ, ಹಾಗಾಗಿ ನೆಟ್ಟಗೆ ಹೇಳಿಬಿಡುತ್ತೇನೆ.

ಮಾವ ಕಂಪ್ಲಿಯವರು. ಯಶವಂತನಗರದ ಗಣಿಯಲ್ಲಿ ಕೆಲಸಕ್ಕಿದ್ದಷ್ಟು ಕಾಲ ಒಂದು ಹಳೆಯ ಬುಲೆಟ್ ಓಡಿಸುತ್ತಿದ್ದರು. ಆ ಕಾಲದ ಗಾಡಿಯಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ — ಈಗಿನವಕ್ಕೆ ಪೂರಾ ಉಲ್ಟಾ. ಅವರು ನಿವೃತ್ತರಾದ ಮೇಲೆ ಅದು ಹಿತ್ತಿಲಲ್ಲಿ ಕೋಳಿಗಳ ಪಾಲಾಗಿತ್ತು. ನಾನು ಬೇಡಿ ತಂದು, ಹೊಸಪೇಟೆ ಪಕ್ಕದ ಚಿತ್ತವಾಡ್ಗಿಯ ನಮ್ಮ ಮನೆಯಂಗಳದಲ್ಲಿ ಬಿಚ್ಚಿ ಹರವಿದೆ. ಕೊಡುವಾಗ ಮಾವ ಹೇಳಿದ್ದು ಇಷ್ಟೇ: "ಬಣ್ಣ ಏನರ ಹಚ್ಚವ್ವ, ಗೇರಿನ ತಂಟೆಗೆ ಮಾತ್ರ ಹೋಗಬ್ಯಾಡ. ನನ್ನ ಕಾಲಿಗೆ ಅದ ರೂಢಿ."

ಹೋದೆ. ನನ್ನ ಕಾಲಿಗೆ ರೂಢಿಯಿದ್ದಂತೆ ನನಗೆ ಓಡಿಸಬೇಕಿತ್ತು. ರಜೆ ಸಿಕ್ಕಾಗಲೆಲ್ಲ ತುಕ್ಕು ಉಜ್ಜಿ, ಹ್ಯಾಂಡಲ್ ಬದಲಿಸಿ, ಉದ್ದ ಸೀಟು ಕಿತ್ತು ಒಂಟಿ ಸೀಟು ಕೂರಿಸಿ, ಕೊನೆಗೆ ರಾಡು ಜೋಡಿಸಿ ಗೇರನ್ನು ಎಡಕ್ಕೂ ಬ್ರೇಕನ್ನು ಬಲಕ್ಕೂ ತಂದೆ. "ಹೆಣ್ಣುಮಗಳು ಪಾನಾ ಹಿಡ್ಕಂಡು ಕುಂತಾಳ" ಎಂದು ಓಣಿಯವರು ನನ್ನ ಕೈಯ ಸ್ಪ್ಯಾನರ್ ನೋಡಿ ನಗುತ್ತಿದ್ದರು. ನಗಲಿ, ಗಾಡಿ ಸ್ಟಾರ್ಟ್ ಆದ ದಿನ ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಆ ದಿನ ಮಾವ ಬಂದರು. ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಓಣಿಯೆಲ್ಲ ಸೇರಿತ್ತು. ಒಂದೇ ಕಿಕ್ಕಿಗೆ ಗಾಡಿ ಎದ್ದಿತು. ಮಾವ ಹತ್ತಿ ಕೂತು ಕ್ಲಚ್ ಹಿಡಿದರು. ಅವರ ಕಣ್ಣು ನಿಂಬೆಹಣ್ಣಿನ ಮೇಲೆ. ಪಕ್ಕದಲ್ಲಿ ನಿಂತು ಗೇರು ಹಾಕಿಕೊಟ್ಟವಳು ನಾನೇ. ಬ್ರೇಕು ಬಲಕ್ಕೆ ಬಂದಿದೆ ಎಂದು ಆಗ ಹೇಳಬೇಕಿತ್ತು. ಮರೆತಿರಲಿಲ್ಲ — ಮಾತು ಬಾಯಿಗೆ ಬಂದಿತ್ತು. ಆದರೆ ಅಷ್ಟು ಜನರೆದುರು ಮಾವ ಬೈದರೆ? ಓಣಿಯ ಕೊನೆಯವರೆಗೆ ಹೋಗಿ ಬರಲಿ, ಆಮೇಲೆ ಹೇಳಿದರಾಯಿತು...

ಓಣಿಯ ಕೊನೆಗೆ ಆಟೋ ಅಡ್ಡ ಬಂತು. ಮಾವ ಎಡಗಾಲು ಒತ್ತಿದರು. ಅಲ್ಲಿ ಬ್ರೇಕು ಇರಲಿಲ್ಲ. ಗಾಡಿ ಗೋಡೆಗೆ ಬಡಿದು ಅವರ ಕಾಲಿನ ಮೇಲೆಯೇ ಬಿತ್ತು.

ಜನ ಎತ್ತಿ ಕಟ್ಟೆಯ ಮೇಲೆ ಕೂರಿಸಿದರು. "ಬ್ರೇಕ್ ಒತ್ತಿದ್ನೆಲ್ಲವ್ವ... ಹಿಡೀಲಿಲ್ಲ" ಎಂದರು ಮಾವ. ಅಷ್ಟು ದಿನ ನನ್ನನ್ನು ನೋಡಿ ನಗುತ್ತಿದ್ದವರೆಲ್ಲ ನನ್ನತ್ತ ತಿರುಗಿದರು.

"ಬ್ರೇಕ್ ಈಗ ಬಲಕ್ಕೈತಿ ಅಂತ ಗಾಡಿ ಹತ್ತೂಮುಂದ ಹೇಳಿದ್ನೆಲ್ರಿ ಮಾವ. ಮರ್ತ್ರೇನು?"

ಅವರು ನನ್ನ ಮುಖವನ್ನೇ ನೋಡಿದರು. ಅಷ್ಟು ನೋವಿನಲ್ಲೂ ತಲೆಯೊಳಗೆ ಏನೋ ಹುಡುಕುತ್ತಿದ್ದರು. ಆಮೇಲೆ ಮೆಲ್ಲಗೆ, "ಹೇಳಿರ್ತಿ ಬಿಡು. ನನಗ ವಯಸ್ಸಾತು" ಎಂದರು.

ಮುರಿದ ಮೂಳೆ ಕೂಡಿತು. ಮಾವ ಮಾತ್ರ ಬೇರೆಯವರೇ ಆದರು. ಬೀಗ ಹಾಕಿ ಬಂದವರು ಮತ್ತೆ ಹೋಗಿ ಎಳೆದು ನೋಡುತ್ತಾರೆ. ಹೊಸಪೇಟೆಗೆ ಒಬ್ಬರೇ ಬಸ್ಸು ಹತ್ತುವುದಿಲ್ಲ. ಸಂಡೂರು ಘಾಟಿನ ಒಂದೊಂದು ತಿರುವನ್ನೂ ಕಥೆ ಮಾಡಿ ಹೇಳುತ್ತಿದ್ದ ಮನುಷ್ಯ, ಈಗ ಅರ್ಧಕ್ಕೆ ನಿಲ್ಲಿಸಿ "ಹಂಗ ಇತ್ತಲ್ಲ?" ಎಂದು ಅತ್ತೆಯ ಮುಖ ನೋಡುತ್ತಾರೆ. ಇದನ್ನೆಲ್ಲ ಕಂಡೂ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ಗಾಡಿಯನ್ನು ಇವತ್ತಿಗೂ ಓಡಿಸುತ್ತೇನೆ — ಹಂಪಿಗೆ ಹೋದರೆ ಜನ ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ಯಾರು ಮಾಡಿದ್ದು ಅಂತ ಕೇಳುತ್ತಾರೆ. ನಾನೇ ಅನ್ನುತ್ತೇನೆ. ಅಂದಮೇಲೆ ಅಲ್ಲಿ ನಿಲ್ಲಲಾಗುವುದಿಲ್ಲ, ಮನೆಗೆ ಬಂದರೂ ಕೂತಲ್ಲಿ ಕೂರಲಾಗುವುದಿಲ್ಲ.

ಮೊನ್ನೆ ಕಂಪ್ಲಿಗೆ ಹೋಗಿ ಹೇಳಿಬಿಟ್ಟೆ. "ಮಾವ, ಅವತ್ತು ನಾ ಹೇಳಿರಲಿಲ್ರಿ. ಮರ್ತ್ರೇನು ಅಂದಿದ್ದು ಸುಳ್ಳು."

ಮಾವ ನಕ್ಕರು. "ನನ್ನ ಸಮಾಧಾನಕ್ಕ ತಪ್ಪು ಮೈಮ್ಯಾಲ ಹಾಕ್ಕೊಬ್ಯಾಡ. ನೀ ಹೇಳಿದ್ದಿ. ನನ್ನ ಭುಜದ ಮ್ಯಾಲ ಕೈಯಿಟ್ಟು, ಮಾವ, ಬಲಗಾಲು ಅಂದಿದ್ದಿ. ಭಾಳ ಚೊಲೋ ನೆನಪೈತಿ ನನಗ." ಒಳಗಿದ್ದ ಅತ್ತೆಗೂ ಕೂಗಿದರು — "ಕೇಳಿದ್ಯಾ? ಎಲ್ಲಾ ಮರ್ತಿಲ್ಲ ನಾ!" ಅವರ ಮುಖ ಅರಳಿತ್ತು.

ನಾನು ಅವರ ಭುಜ ಮುಟ್ಟಿರಲಿಲ್ಲ. ಅಂಥ ಮಾತು ಆಡಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮಾವ ಚೆನ್ನಾಗಿ ನೆನಪಿದೆ ಎಂದದ್ದು ಅದೊಂದನ್ನೇ, ಅದೂ ನಾನು ಹೇಳಿದ ಸುಳ್ಳು. ಭಾನುವಾರ ಮತ್ತೆ ಹೋಗುತ್ತೇನೆ. ಅವರು ನಂಬುವ ತನಕ ಹೋಗುತ್ತೇನೆ — ಅವರು ಅಷ್ಟು ಖುಷಿಯಿಂದ ಹಿಡಿದುಕೊಂಡಿರುವ ಆ ಒಂದು ನೆನಪನ್ನೂ ಕೈಯಾರೆ ಕಿತ್ತುಕೊಳ್ಳಲು.