ಒಳಗಿನ ಚಿಲಕ

ನನ್ನ ಅಕ್ಕನಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ರಟ್ಟು ಮಿಸ್. ರಜೆ ಬಂತೆಂದರೆ ಖಾಲಿ ತರಗತಿಯೊಂದನ್ನು ಕೇಳಿ ಪಡೆದು ಡಿಸೈನ್ ಥಿಂಕಿಂಗ್ ಶಿಬಿರ ನಡೆಸುತ್ತಾಳೆ. ಒಬ್ಬರ ಕಷ್ಟ ಕೇಳುವುದು, ರಟ್ಟು, ಗೋಂದು, ದಾರದಲ್ಲಿ ಅದಕ್ಕೊಂದು ಪರಿಹಾರ ಮಾಡಿ ನೋಡುವುದು, ಸರಿಹೋಗದಿದ್ದರೆ ಮುರಿದು ಮತ್ತೆ ಮಾಡುವುದು. ಇಷ್ಟಕ್ಕೆ ಅಷ್ಟುದ್ದದ ಹೆಸರು ಯಾಕೆ ಎಂದು ರೇಗಿಸುತ್ತಲೇ ನಾನು ರಟ್ಟು ಕತ್ತರಿಸಿಕೊಡುತ್ತೇನೆ.

ಶಿಬಿರದ ನಿಯಮ ಕಟ್ಟುನಿಟ್ಟು. ಕಷ್ಟ ಯಾರದೋ ಅವರೇ ಹೇಳಬೇಕು. ನಡುವೆ ಬೇರೆಯವರು ಬಾಯಿ ಹಾಕಿದರೆ, ತುಟಿಗೆ ಹಳದಿ ಅಂಟುಚೀಟಿ ಹಚ್ಚಿಕೊಂಡು ಮಾತುಕತೆ ಮುಗಿಯುವವರೆಗೆ ತೆಪ್ಪಗೆ ಕೂರಬೇಕು. ಉತ್ತರ ಬಂದ ಮೇಲೂ ‘ಯಾಕೆ’ ಎಂದು ಕೇಳುತ್ತಲೇ ಇರಬೇಕು.

ಈ ಸಲ ಕಷ್ಟ ಹೇಳಲು ಒಪ್ಪಿದ್ದ ಶಾಲೆಯ ಕಾವಲುಗಾರ ಜ್ವರ ಬಂದು ಮಲಗಿದ. ಅಕ್ಕ ಭಾವನನ್ನೇ ವೀಲ್‌ಚೇರಿನಲ್ಲಿ ಕರೆತಂದಳು. ಟಿಕೆಟ್ ಹರಿಯುತ್ತ ಇಡೀ ಬಸ್ಸನ್ನೇ ನಗಿಸುತ್ತಿದ್ದ ಕಂಡಕ್ಟರ್ ಅವರು. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಹೋದವು, ಮಾತು ತೊದಲಿತು. ಆಮೇಲೆ ಒಮ್ಮೆ ಬಚ್ಚಲಲ್ಲಿ ಬಿದ್ದರೆಂದು ಅಕ್ಕ ಮನೆಯ ಬಾಗಿಲುಗಳ ಒಳಚಿಲಕಗಳನ್ನೆಲ್ಲ ಬಿಚ್ಚಿಸಿದ್ದಳು. ಅವರು ಒಳಗೆ ಬಿದ್ದು, ತಾನು ಹೊರಗೇ ಉಳಿದರೆ ಎಂಬ ಹೆದರಿಕೆ ಅವಳನ್ನು ಬಿಟ್ಟೇ ಇರಲಿಲ್ಲ.

“ಅಂಕಲ್, ನಿಮಗೆ ಏನು ಕಷ್ಟ?” ಕನ್ನಡಕದ ಹುಡುಗಿಯೊಬ್ಬಳು ಕೇಳಿದಳು.

“ಗುಂಡಿ ಹಾಕ್ಕೊಳ್ಳೋಕಾಗಲ್ಲ ಅವ್ರಿಗೆ, ಚಮಚ ಹಿಡಿಯೋಕೂ...” ಅಕ್ಕ ಶುರುಮಾಡಿಯೇಬಿಟ್ಟಳು.

“ಮಿಸ್, ಚೀಟಿ! ಚೀಟಿ!”

ಅಕ್ಕ ನಗುತ್ತ ಚೀಟಿ ಹಚ್ಚಿಕೊಂಡಳು. ಭಾವ ಮಾತು ಹುಡುಕುವವರೆಗೂ ಮಕ್ಕಳು ಕಾದರು. ಮನೆಯಲ್ಲಿ ನಾವ್ಯಾರೂ ಅಷ್ಟು ಕಾದವರಲ್ಲ.

“ಬಾಗ್ಲು... ಒಳಗಿಂದ ಹಾಕ್ಕೊಬೇಕು. ಒಂದೇ ಕೈಲಿ.”

“ಯಾಕೆ ಅಂಕಲ್?”

“ಸ್ವಲ್ಪ ಹೊತ್ತು... ಒಬ್ನೇ ಇರೋಕೆ.”

“ಯಾಕೆ?”

ಭಾವ ಅಕ್ಕನ ಕಡೆ ನೋಡಿದರು. “ಸುಮ್ನೆ, ಮರಿ.”

ಮಕ್ಕಳು ಅಷ್ಟಕ್ಕೇ ಬಿಟ್ಟುಬಿಟ್ಟರು. ಅವರಿಗಾಗಲೇ ಚಿಲಕ ಮಾಡುವ ಹುರುಪು. ಅಕ್ಕನ ಮುಖದ ಮೇಲೆ ಚೀಟಿ ಇತ್ತು, ನಗು ಇರಲಿಲ್ಲ.

ಮನೆಗೆ ಬಂದವಳೇ ನನ್ನ ಮೇಲೆ ಹರಿಹಾಯ್ದಳು. “ಅವ್ರು ಒಳಗೆ ಬಿದ್ರೆ ಬಾಗ್ಲು ಒಡೆಯೋಕೆ ನೀನು ಬರ್ತೀಯಾ?”

ನನಗೂ ರೇಗಿತು. “ಮಕ್ಕಳಿಗೆ ಹೇಳೋದೊಂದು, ಮನೇಲಿ ಮಾಡೋದೊಂದಾ? ನಿನ್ನ ಭಯಾನೂ ಆ ಮಕ್ಕಳ ಹತ್ರಾನೇ ಹೇಳು, ಹೋಗು.”

ಹೇಳಿದಳು. ಮಕ್ಕಳು ಒಂದಷ್ಟು ರಟ್ಟು ಹಾಳುಮಾಡಿ ಎರಡೂ ಕಡೆಯವರಿಗೆ ಒಪ್ಪುವ ಚಿಲಕ ಮಾಡಿದರು. ಒಳಗೆ ಅಂಗೈಯಿಂದ ತಳ್ಳಬಹುದಾದ ಅಗಲ ಹಿಡಿಕೆ. ಬಾಗಿಲಿನ ತೂತಿನಿಂದ ಹೊರಗೆ ಇಳಿಬಿಟ್ಟ ದಾರ; ಅಪಾಯವಾದರೆ ಮಿಸ್ ಎಳೆದರೆ ಸಾಕು, ಚಿಲಕ ತೆರೆಯುತ್ತದೆ. ಬಡಗಿ ಅದನ್ನೇ ನೋಡಿ ಮರದಲ್ಲಿ ಮಾಡಿಕೊಟ್ಟ.

ಚಿಲಕ ಕೂರಿಸಿದ ಸಂಜೆಯೇ ಭಾವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕ ದಾರದ ಪಕ್ಕದಲ್ಲೇ ನಿಂತಳು. ಸ್ವಲ್ಪ ಹೊತ್ತಿಗೆ ಒಳಗೆ ಏನೋ ಸದ್ದಾಯಿತು. ಬಿದ್ದರೇನೋ ಎಂದು ಅಕ್ಕ ದಾರ ಹಿಡಿದಳು. ಬಿದ್ದ ಸದ್ದಲ್ಲ ಅದು. ಭಾವ ಅಳುತ್ತಿದ್ದರು, ಬಾಯಿಬಿಟ್ಟು, ಉಸಿರು ಸಿಕ್ಕಿಹಾಕಿಕೊಳ್ಳುವಂತೆ.

ಪಾರ್ಶ್ವವಾಯು ಹೊಡೆದ ಮೇಲೆ ನಮ್ಮೆದುರು ಅವರು ಒಮ್ಮೆಯೂ ಅತ್ತಿರಲಿಲ್ಲ. ನಮ್ಮವರು ಗಟ್ಟಿ ಮನುಷ್ಯ ಎಂದು ಅಕ್ಕ ಕಂಡವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

“ದಾರ ಎಳಿ, ಅಕ್ಕಾ,” ಎಂದೆ.

ಅವಳು ದಾರ ಬಿಟ್ಟಳು. ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿ, ಅಡುಗೆಮನೆಗೆ ಹೋಗಿ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ತೊಳೆಯಲು ಅಲ್ಲಿ ಒಂದು ಲೋಟವೂ ಇರಲಿಲ್ಲ. ನಮಗೇನೂ ಕೇಳಿಸುತ್ತಿಲ್ಲ ಎಂದು ಅವರು ನಂಬಲೆಂದು, ಚಿಲಕ ತೆರೆಯುವವರೆಗೂ ನೀರನ್ನು ಹಾಗೇ ಹರಿಯಲು ಬಿಟ್ಟಳು.