ಯಾವ ಯಲ್ಲಪ್ಪ?

‘ಯಲ್ಲಪ್ಪ’ ಎಂದು ಟೈಪಿಸಿ ಎಂಟರ್ ಒತ್ತಿದೆ. ತೀರಿಹೋದ ಅಜ್ಜನ ಮಾತು ಲ್ಯಾಪ್‌ಟಾಪಿನ ತೆರೆಯ ಮೇಲೆ ಬರಬೇಕಿತ್ತು, ಬಂದದ್ದು ನನ್ನದೇ ಮಾತು: “ಯವ್ವಾ, ನಾಳಿಂದ ಖರೇನ ಓದತೇನಿ!”

ನಾನದನ್ನು ಓದಿದ್ದೇ ತಡ, ಅಜ್ಜನ ಮಾತಿಗೆಂದೇ ಕಾದು ಕೂತಿದ್ದ ಅಜ್ಜಿ ರೇಗಿದಳು: “ಈ ಸುಳ್ಳ ದಿನಾ ಕೇಳತೇನಿ. ಅವರೆಲ್ಲೆ ಹ್ವಾದ್ರೋ?”

ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುವ ಹುರುಪಿನಲ್ಲಿ, ನಾನು ಅಣಕಿಸುವ ಮಂದಿಯನ್ನೆಲ್ಲ ಅದರದೊಂದು ಡಿಕ್ಷನರಿಗೆ ತುಂಬಿದ್ದೆ. ಹೆಸರು ಕೊಟ್ಟರೆ ಅವರ ಮಾತು ಬರಬೇಕು, ಉಳಿದದ್ದು ನನ್ನ ಗಂಟಲಿನ ಕೆಲಸ. ಆದರೆ ಡಿಕ್ಷನರಿಯಲ್ಲಿ ಒಂದು ಹೆಸರಿಗೆ ಒಂದೇ ಜಾಗ. ಕೊನೆಗೆ ಬಂದವನು ಮೊದಲಿದ್ದವನನ್ನು ಅಳಿಸಿಬಿಡುತ್ತಾನೆ. ನಮ್ಮ ಸವದತ್ತಿಯಲ್ಲಿ ಯಲ್ಲಪ್ಪಂದಿರಿಗೇನು ಬರ? ಅಜ್ಜ ಯಲ್ಲಪ್ಪ, ಕ್ಷೌರದಂಗಡಿಯವ ಯಲ್ಲಪ್ಪ, ಅಜ್ಜನ ಹೆಸರು ಹೊತ್ತ ನಾನೂ ಯಲ್ಲಪ್ಪ. ತಮಾಷೆಗೆಂದು ಕೊನೆಗೆ ಹೊಕ್ಕ ನಾನು ಇಬ್ಬರನ್ನೂ ನುಂಗಿ ಕೂತಿದ್ದೆ!

ಆ ಹೆಸರಿನೆದುರು ಒಂದು ಲಿಸ್ಟ್ ಇಟ್ಟು ಮೂವರನ್ನೂ ಅದರೊಳಗೆ ಕೂರಿಸಿದೆ. ಮತ್ತೆ ಎಂಟರ್. ಮೊದಲ ಸಾಲಿನಲ್ಲೇ ಅಜ್ಜ! ಕುಣಿಯುವಷ್ಟು ಖುಷಿಯಾಗಿ ಅವನದೇ ದನಿಯಲ್ಲಿ ಗುಡುಗಿದೆ: “ಎಲ್ಲಿದ್ದೀಯೇ? ಚಾ ಇಡು, ನಾ ಬಂದೆ!”

ಅಜ್ಜಿ ಥಟ್ಟನೆ ತಲೆಯ ಮೇಲೆ ಸೆರಗೆಳೆದುಕೊಂಡಳು. ಆಮೇಲೆ ನನ್ನ ಬೆನ್ನಿಗೊಂದು ಗುದ್ದಿ, ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು.

ನನ್ನ ಅಣಕಕ್ಕೆ ಊರೆಲ್ಲ ನಕ್ಕಿದೆ, ಕೆಲವರು ಅಟ್ಟಿಸಿಕೊಂಡೂ ಬಂದಿದ್ದಾರೆ. ಚಹಾ ಸಿಕ್ಕಿದ್ದು ಅವತ್ತೇ ಮೊದಲು.