ದೊಡ್ಡಮುನಿಯಮ್ಮ ಹಿಡಿದ ಕಾಲು

ಕಗ್ಗದಾಸಪುರದ ಹಳೇ ಬೀದಿಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ ಮೊದಲು ಓಡಿಬರುವವಳು ದೊಡ್ಡಮುನಿಯಮ್ಮ. ವಯಸ್ಸು ಎಪ್ಪತ್ತಾದರೂ ಬಾಯಿ ಮಾತ್ರ ಇಪ್ಪತ್ತರದ್ದೇ. ಬಿದ್ದವರನ್ನು ಎತ್ತಿ ಕೂರಿಸಲು ಬಂದವರ ಕೈಗೆ ಒಂದೇಟು ಹಾಕಿ, "ಮಲಗ್ಸ್ರೋ, ಕಾಲೆತ್ತ್ರೋ" ಎಂದು ಕೂಗುತ್ತಾಳೆ. ಈ ಬುದ್ಧಿ ಅವಳಿಗೆ ಬಂದದ್ದು ಎರಡು ವರ್ಷದ ಹಿಂದೆ, ಬಂದೂ ಪ್ರಯೋಜನವಿಲ್ಲದ ಹೊತ್ತಿನಲ್ಲಿ.

ಅವಳಿಗಿದ್ದದ್ದು ಒಬ್ಬಳೇ ಮಗಳು, ಪದ್ಮಶ್ರೀ. ಶಾಲೆಯಲ್ಲಿ ಟೀಚರ್. ಡೆಂಗಿ ಜ್ವರ ಬಂದು ನಾಲ್ಕು ದಿನ ನರಳಿ, ಐದನೆಯ ದಿನ ಬೆಳಿಗ್ಗೆ ಜ್ವರ ಇಳಿದು ಮೈ ತಣ್ಣಗಾಯಿತು. ದೊಡ್ಡಮುನಿಯಮ್ಮ ಅಣ್ಣಮ್ಮ ದೇವಿಗೆ ಕೈಮುಗಿದು ನೀರು ಕಾಯಿಸಿದಳು. ಜ್ವರ ಬಿಟ್ಟ ಮೇಲೆ ತಲೆಗೆ ನೀರು ಹಾಕದಿದ್ದರೆ ಹೇಗೆ? ಬಚ್ಚಲಿಗೆ ಹೋಗಲು ಎದ್ದು ನಿಂತ ಮಗಳು, "ಅಮ್ಮಾ, ಕಣ್ ಕತ್ಲೆ ಬರ್ತೈತೆ" ಎಂದವಳೇ ಕುಸಿದಳು. ತಾಯಿ ಅವಳನ್ನು ಎತ್ತಿ ಮಂಚದ ಮೇಲೆ ಕೂರಿಸಹೋದಳು.

ಪಕ್ಕದ ಮನೆಯ ಶಮೀಮ್ ಓಡಿಬಂದಳು. ಶಿವಾಜಿನಗರದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವಳು. "ಅಮ್ಮಾ, ಕೂರಿಸ್ಬೇಡಿ. ನೆಲದ್ ಮೇಲೆ ಮಲಗ್ಸಿ, ಕಾಲು ಎತ್ತಿ ಹಿಡೀರಿ."

ನೆಲ! ಆ ಮನೆಯಲ್ಲಿ ಮಂಚದಿಂದ ನೆಲಕ್ಕಿಳಿಸುವುದು ಪ್ರಾಣ ಹೋಗುವವರನ್ನು ಮಾತ್ರ. ದೊಡ್ಡಮುನಿಯಮ್ಮನಿಗೆ ರೇಗಿಹೋಯಿತು. "ನನ್ ಮಗ್ಳೇನು ಸಾಯ್ತಾವ್ಳಾ? ನಿನ್ ಬಾಯ್ಗೆ ಮಣ್ಣಾಕ!"

ಶಮೀಮ್ ಬೀದಿಗೆ ಓಡಿ ಆಟೋ ಕರೆತಂದಳು. ಮಗಳನ್ನು ಎತ್ತಿ ಆಟೋದಲ್ಲಿ ಕೂರಿಸಿದರು. ಆ ಕಡೆ ಶಮೀಮ್, ಈ ಕಡೆ ತಾಯಿ. ರೈಲ್ವೆ ಗೇಟು ಬಿದ್ದಿತ್ತು. ಜೋಲುತ್ತಿದ್ದ ತಲೆಯನ್ನು ದೊಡ್ಡಮುನಿಯಮ್ಮ ಮತ್ತೆ ಮತ್ತೆ ಎತ್ತಿ ನೇರ ಮಾಡಿದಳು. ಮಗಳ ಎದೆ ಕೈಗೆ ತಗಲುವಷ್ಟು ವೇಗವಾಗಿ ಬಡಿಯುತ್ತಿತ್ತು. ಗುಂಡಿಗೆ ಗಟ್ಟಿಯಿದೆ, ಬದುಕುತ್ತಾಳೆ ಎಂದುಕೊಂಡಳು ಆ ತಾಯಿ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆ ಬಡಿತವೂ ಸಿಗಲಿಲ್ಲ.

ಡಾಕ್ಟರಮ್ಮ ಪಕ್ಕದಲ್ಲಿ ಕೂತು ಹೇಳಿದರು. "ಹೃದಯದಲ್ಲಿ ದೋಷ ಇರ್ಲಿಲ್ಲಮ್ಮ. ಡೆಂಗಿಲಿ ಜ್ವರ ಇಳಿಯೋ ಹೊತ್ತೇ ಕಷ್ಟದ್ದು. ರಕ್ತದಲ್ಲಿರೋ ನೀರು ನಾಳದಿಂದ ಹೊರಗೆ ಸೋರಿಹೋಗುತ್ತೆ. ಕೂತ್ರೆ, ನಿಂತ್ರೆ, ಉಳಿದಿದ್ದೂ ಕಾಲಲ್ಲೇ ನಿಂತುಬಿಡುತ್ತೆ. ವಾಪಸ್ ಬಂದಷ್ಟನ್ನೇ ಹೃದಯ ಮುಂದಕ್ಕೆ ಕಳಿಸೋದು. ಬರೋದೇ ಕಮ್ಮಿ ಆದ್ರೆ ಎಷ್ಟು ಬಡ್ಕೊಂಡ್ರೂ ತಲೆಗೆ ರಕ್ತ ಏರಲ್ಲ."

ದೊಡ್ಡಮುನಿಯಮ್ಮನಿಗೆ ಅರ್ಥವಾಯಿತು. ಟೆಕ್ ಪಾರ್ಕ್ ಬರುವ ಮುಂಚೆ ಅವರ ರಾಗಿ ಹೊಲದಲ್ಲೊಂದು ಬಾವಿಯಿತ್ತು. ನೀರು ತಳ ಕಂಡ ದಿನವೇ ಪಂಪ್‌ಸೆಟ್ ಜೋರಾಗಿ ಕಿರುಚುತ್ತಿತ್ತು.

"ಮಲಗ್ಸಿದ್ರೆ ಉಳೀತಿದ್ಳಾ ತಾಯಿ?"

"ಸ್ವಲ್ಪ ಹೊತ್ತು ಸಿಕ್ತಿತ್ತೇನೋ. ಉಳೀತಿದ್ರು ಅಂತ ಹೇಳಕ್ಕಾಗಲ್ಲ."

ಆ 'ಏನೋ' ಅವಳನ್ನು ಇವತ್ತಿಗೂ ತಿನ್ನುತ್ತಿದೆ.

ಮಧ್ಯಾಹ್ನ ಹೆಣ ಮನೆಗೆ ಬಂತು. ನಡುಮನೆಯಲ್ಲಿ ಚಾಪೆ ಹಾಸಿ ನೆಲದ ಮೇಲೆ ಮಲಗಿಸಿದರು. ಈಗ ಯಾರೂ ಬೇಡ ಎನ್ನಲಿಲ್ಲ. ದೊಡ್ಡಮುನಿಯಮ್ಮ ತಲೆಯ ಹತ್ತಿರ ಕೂರದೆ ಕಾಲ ಬಳಿ ಹೋಗಿ ಕೂತಳು. ಮಗಳ ಎರಡೂ ಪಾದಗಳನ್ನು ಎತ್ತಿ ಎದೆಗೊತ್ತಿಕೊಂಡಳು.

"ಏನಮ್ಮಾ ಮಾಡ್ತಿದೀಯ, ಬಿಡು" ಎಂದರು ನೆಂಟರು. ಅವಳು ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶಮೀಮಳ ಕಡೆ ನೋಡಿ, "ಹಿಂಗೇ ಅಲ್ವೇನೆ ನೀನು ಹೇಳಿದ್ದು? ಇಷ್ಟು ಎತ್ರ ಸಾಕಾ?" ಎಂದು ಕೇಳಿದಳು.

ಶಮೀಮ್ ಒಳಗೆ ಬಂದು ಪಕ್ಕದಲ್ಲಿ ಕೂತು, ಒಂದು ಪಾದವನ್ನು ತನ್ನ ಕೈಗೆ ತೆಗೆದುಕೊಂಡಳು. "ಸಾಕಮ್ಮಾ" ಎಂದಳು.